'ಸ್ಟೂಡೆಂಟ್' ಅಂಕಿತದ ಗಾಸೆಟ್

ಕಾವ್ಯನಾಮವೆಂಬುದು ಕನ್ನಡದ ವಾಚಕರಿಗೆ ಹೊಸದಲ್ಲ. ಮಾಸ್ತಿಯವರು 'ಶ್ರೀನಿವಾಸ'ರಾಗಿ ಕಥೆ ಹೇಳಿದರು, ಬೇಂದ್ರೆಯವರು 'ಅಂಬಿಕಾತನಯದತ್ತ'ರಾಗಿ ಹಾಡಿದರು, ಗೋಕಾಕರು 'ವಿನಾಯಕ'ರಾದರು. ನಂದಳಿಕೆಯ ಲಕ್ಷ್ಮೀನಾರಣಪ್ಪನವರಂತೂ ತಮ್ಮ ಕೃತಿಯನ್ನು ಹಳೆಯ ಕವಿಯೊಬ್ಬನದೆಂದು ಹೇಳಿ ಅಚ್ಚಿಗೆ ಕಳುಹಿಸಿ, 'ಮುದ್ದಣ'ನ ಮರೆಯಲ್ಲಿ ನಿಂತುಬಿಟ್ಟರು. ಕವಿಗೆ ಇಂಥ ಮರೆ ಒಪ್ಪುತ್ತದೆ. ಆದರೆ ಅಂಕಿಗಳೊಡನೆ ವ್ಯವಹರಿಸುವ ವಿಜ್ಞಾನಿಗೆ ಕಾವ್ಯನಾಮವೇಕೆ? ಈ ಪ್ರಶ್ನೆಯೇ ನನ್ನನ್ನು ವಿಲಿಯಂ ಸೀಲಿ ಗಾಸೆಟ್ಟನ ಜೀವನದ ಕಡೆಗೆ ಎಳೆದದ್ದು.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಓದುವ ಸಂಖ್ಯಾಶಾಸ್ತ್ರದ ಪುಸ್ತಕಗಳ ಕೊನೆಯಲ್ಲಿ ಕೆಲವು ಕೋಷ್ಟಕಗಳಿರುತ್ತವೆ. ಅವುಗಳಲ್ಲಿ ಒಂದಕ್ಕೆ 'ಸ್ಟೂಡೆಂಟ್'ನ ಹೆಸರಿದೆ. ಇದು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಮಾಡಿದ ಪಟ್ಟಿ, ಆದ್ದರಿಂದ ಈ ಹೆಸರು ಎಂದು ನಂಬಿದ ಹುಡುಗರನ್ನು ನಾನು ಕಂಡಿದ್ದೇನೆ. ಅದು ಒಬ್ಬ ಮನುಷ್ಯನ ಅಂಕಿತವೆಂದರೆ ಅವರಿಗೆ ಆಶ್ಚರ್ಯ. ಆ ಮನುಷ್ಯನು ಯಾವ ವಿಶ್ವವಿದ್ಯಾನಿಲಯದ ಪೀಠದಲ್ಲಿಯೂ ಕುಳಿತವನಲ್ಲ, ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಸಂಬಳಕ್ಕೆ ದುಡಿದವನು ಎಂದರೆ ಇನ್ನೂ ಆಶ್ಚರ್ಯ. ಮದ್ಯವನ್ನು ಮುಟ್ಟದ ವಾಚಕರು ಮುನಿಯಬಾರದು. ವಿದ್ಯೆಯು ತಾನು ಹುಟ್ಟುವ ಮನೆಯನ್ನು ಆರಿಸಿಕೊಂಡು ಹುಟ್ಟುವುದಿಲ್ಲ.

ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ತಂದೆ ಸೈನ್ಯದ ಎಂಜಿನಿಯರ್ ಪಡೆಯಲ್ಲಿ ಕರ್ನಲ್. ಹಿರಿಯ ಮಗನೂ ಅದೇ ದಾರಿ ಹಿಡಿಯಬೇಕೆಂದಿದ್ದನು. ಕಣ್ಣಿನ ದೃಷ್ಟಿ ಸಾಲದೆಂದು ಸೈನ್ಯ ಆತನನ್ನು ಒಲ್ಲೆನೆಂದಿತು. ವಿಂಚೆಸ್ಟರ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿನ ನ್ಯೂ ಕಾಲೇಜನ್ನು ಸೇರಿ, 1897ರಲ್ಲಿ ಗಣಿತದಲ್ಲಿಯೂ 1899ರಲ್ಲಿ ರಸಾಯನಶಾಸ್ತ್ರದಲ್ಲಿಯೂ ಪ್ರಥಮ ದರ್ಜೆ ಪಡೆದನು. ಅದೇ ವರ್ಷ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಕಾರ್ಖಾನೆಗೆ ಕೆಲಸಕ್ಕೆ ಹೋದನು.

ಗಿನ್ನೆಸ್ ಸಾಮಾನ್ಯ ಸಂಸ್ಥೆಯಲ್ಲ. 1759ರಲ್ಲಿ ಆರ್ಥರ್ ಗಿನ್ನೆಸ್ ಎಂಬಾತ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳಿಗೆ ಗೇಣಿಗೆ ಹಿಡಿದ ನೆಲದಲ್ಲಿ ಬೆಳೆದ ಈ ಕಾರ್ಖಾನೆ, ಗಾಸೆಟ್ ಸೇರುವ ವೇಳೆಗೆ ಜಗತ್ತಿನ ಅತಿ ದೊಡ್ಡ ಬಿಯರ್ ಕಾರ್ಖಾನೆಗಳ ಸಾಲಿನಲ್ಲಿತ್ತು. ಒಂದು ಪೀಪಾಯಿ ತಯಾರಿಸುವವನು ನಾಲಗೆಯನ್ನೂ ಮೂಗನ್ನೂ ನಂಬಬಹುದು. ಲಕ್ಷಗಟ್ಟಲೆ ಪೀಪಾಯಿ ತಯಾರಿಸುವವನಿಗೆ ಅದು ಸಾಲದು. ಬಾರ್ಲಿ, ಮಾಲ್ಟ್, ಹಾಪ್, ಯೀಸ್ಟ್ ಇವು ಒಂದೊಂದು ಸಲ ಒಂದೊಂದು ಬಗೆ. ಆದುದರಿಂದ ಸಂಸ್ಥೆಯು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಂದ ವಿಜ್ಞಾನದ ಪದವೀಧರರನ್ನು ಕರೆತಂದು ಬ್ರೂವರ್‌ಗಳನ್ನಾಗಿ ನೇಮಿಸುತ್ತಿತ್ತು. ಗಾಸೆಟ್ ಅಂಥವರಲ್ಲಿ ಒಬ್ಬ. ಗಣಿತವನ್ನೂ ಓದಿದ್ದುದರಿಂದ, ಸಂಗಡಿಗರಿಗೆ ಅಂಕಿಗಳು ತೊಡಕಾದಾಗಲೆಲ್ಲ ಕಾಗದಗಳು ಆತನ ಮೇಜಿಗೆ ಬರತೊಡಗಿದವು.

ಆ ತೊಡಕು ಎಂಥದು? ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದರಿಂದ ಎಷ್ಟು ಸಿಹಿಸಾರ ಇಳಿಯುತ್ತದೆಂಬುದರ ಮೇಲೆ ಬಿಯರಿನ ಗುಣ ನಿಂತಿದೆ; ತೆರಿಗೆಯ ಲೆಕ್ಕವೂ ನಿಂತಿದೆ. ಪ್ರಯೋಗಶಾಲೆಯಲ್ಲಿ ಚೂರು ಮಾಲ್ಟನ್ನು ಪರೀಕ್ಷಿಸಿ ಇಡೀ ರಾಶಿಯ ಬಗ್ಗೆ ತೀರ್ಪು ಕೊಡಬೇಕು. ಒಮ್ಮೆ ಪರೀಕ್ಷಿಸಿದರೆ ಒಂದು ಸಂಖ್ಯೆ, ಮತ್ತೊಮ್ಮೆ ಪರೀಕ್ಷಿಸಿದರೆ ಇನ್ನೊಂದು. ಎರಡರ ಸರಾಸರಿ ಸಾಕೆ, ಹತ್ತರ ಸರಾಸರಿ ಬೇಕೆ? ಪ್ರತಿಯೊಂದು ಪರೀಕ್ಷೆಗೂ ಹಣ ಬೇಕು, ಹೊತ್ತು ಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ತಾಯಂದಿರು ಒಂದಗುಳನ್ನು ಹಿಸುಕಿ ನೋಡುತ್ತಾರೆ, ನಿಜ. ಆದರೆ ಒಂದಗುಳು ಬೆಂದು ಪಕ್ಕದ್ದು ಬೇಯದಿರುವ ಪಾತ್ರೆಯೂ ಉಂಟು. ಅಲ್ಲಿ ಎಷ್ಟು ಅಗುಳು ನೋಡಿದರೆ ನಂಬಬಹುದು? ಗಾಸೆಟ್ಟನ ಬಾಳಿನ ಪ್ರಶ್ನೆ ಇದು.

1904ರ ನವೆಂಬರಿನಲ್ಲಿ ಆತನು ಸಂಸ್ಥೆಯ ಆಡಳಿತಕ್ಕೆ ಒಂದು ವರದಿ ಬರೆದನು. ಅಳತೆಯ ದೋಷಗಳು ಯಾವ ನಿಯಮಕ್ಕೆ ಒಳಪಟ್ಟಿವೆಯೆಂದು ಖಗೋಳಶಾಸ್ತ್ರಜ್ಞರು ಕಂಡುಕೊಂಡಿದ್ದರಷ್ಟೆ. ಅದನ್ನು ಕಾರ್ಖಾನೆಯ ಕೆಲಸಕ್ಕೆ ಹೇಗೆ ಹಚ್ಚಬಹುದೆಂಬುದು ವರದಿಯ ವಸ್ತು. ಮಾಲ್ಟಿನ ಸಾರವನ್ನು ಅರ್ಧ ಡಿಗ್ರಿಯ ಒಳಗೆ, ಒಂದಕ್ಕೆ ಹತ್ತರ ಭರವಸೆಯಲ್ಲಿ ತಿಳಿಯಬೇಕಾದರೆ ಕನಿಷ್ಠ ನಾಲ್ಕು ಪರೀಕ್ಷೆಗಳ ಸರಾಸರಿ ಬೇಕೆಂದು ಲೆಕ್ಕ ಹಾಕಿದನು. ಇಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಲೆಕ್ಕಕ್ಕಿಂತ ಅದರ ಹಿಂದಿನ ವಿವೇಕ. ಎಷ್ಟು ಖಚಿತತೆ ಬೇಕೆಂಬುದನ್ನು ಗಣಿತವು ತಾನಾಗಿ ಹೇಳಲಾರದು; ಖಚಿತತೆಯಿಂದ ಬರುವ ಲಾಭವೆಷ್ಟು, ಅದನ್ನು ಪಡೆಯಲು ತಗಲುವ ವೆಚ್ಚವೆಷ್ಟು ಎಂದು ತೂಗಿ ನೋಡಬೇಕು ಎಂಬುದು ಆತನ ನಿಲುವು. ಈ ವ್ಯಾಪಾರಿ ವಿವೇಕವನ್ನು ಆತನು ಕೊನೆಯವರೆಗೂ ಬಿಡಲಿಲ್ಲ.

ಆದರೆ ಆತನಿಗೆ ಒಂದು ಸಂಶಯ ಉಳಿದೇ ಇತ್ತು. ಆ ದೋಷನಿಯಮ ನೂರಾರು ಅಳತೆಗಳಿದ್ದಾಗ ಸರಿ. ನಾಲ್ಕೋ ಐದೋ ಇದ್ದಾಗ? 1905ರ ಜುಲೈಯಲ್ಲಿ ರಜೆಗೆ ಇಂಗ್ಲೆಂಡಿಗೆ ಬಂದವನು ಆ ಕಾಲದ ಸಂಖ್ಯಾಶಾಸ್ತ್ರದ ದೊರೆಯಾಗಿದ್ದ ಕಾರ್ಲ್ ಪಿಯರ್ಸನ್ನನನ್ನು ಈಸ್ಟ್ ಇಲ್ಸ್ಲಿ ಎಂಬ ಹಳ್ಳಿಯಲ್ಲಿ ಕಂಡು ಮಾತನಾಡಿದನು. ಸಂಸ್ಥೆಯು ಆತನನ್ನು 1906ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಪಿಯರ್ಸನ್ನನ ಪ್ರಯೋಗಶಾಲೆಗೆ, ಒಂದು ವರ್ಷದ ಮಟ್ಟಿಗೆ ಕಳುಹಿಸಿತು. ಅದೇ ವರ್ಷ ಆತನ ವಿವಾಹವೂ ಆಗಿತ್ತು. ಹೆಂಡತಿ ಮಾರ್ಜರಿ ಮಹಿಳಾ ಹಾಕಿ ತಂಡದ ನಾಯಕಿಯಾಗಿದ್ದವಳು.

ಪಿಯರ್ಸನ್ ಮಹಾಪಂಡಿತ. ಆದರೆ ಆತನಿಗೆ ದೊಡ್ಡ ರಾಶಿಗಳ ಮೇಲೆಯೇ ನಂಬಿಕೆ. ಸಣ್ಣ ಸಂಖ್ಯೆಗಳನ್ನು ಹಿಡಿದು ಹೊರಡುವವರು ತುಂಟ ಬ್ರೂವರ್‌ಗಳು ಮಾತ್ರ ಎಂದು ಮುಂದೊಮ್ಮೆ ಪತ್ರದಲ್ಲಿ ಹಾಸ್ಯ ಮಾಡಿದನು. ಹಾಸ್ಯವೇನೋ ಸರಿ, ಆದರೆ ನಾಲ್ಕೇ ಅಳತೆ ಕೈಯಲ್ಲಿರುವವನು ಏನು ಮಾಡಬೇಕು? ನಾನು ಕನ್ನಡದ ಅಧ್ಯಾಪಕ. ಗ್ರಂಥಸಂಪಾದನೆ ನಮ್ಮ ಓದಿನ ಒಂದು ಭಾಗ. ಪ್ರಾಚೀನ ಕಾವ್ಯವೊಂದಕ್ಕೆ ಮೂರೋ ನಾಲ್ಕೋ ಓಲೆಯ ಪ್ರತಿಗಳು ಸಿಕ್ಕಿದರೆ ಸಂಪಾದಕನು ಅವುಗಳಿಂದಲೇ ಪಾಠ ನಿರ್ಣಯಿಸಬೇಕು. ನೂರು ಪ್ರತಿ ಸಿಗುವವರೆಗೆ ಕಾಯುತ್ತೇನೆಂದರೆ ಕಾವ್ಯ ಗೆದ್ದಲಿಗೆ ಆಹಾರವಾದೀತು. ಬಡತನದಲ್ಲಿ ಮರ್ಯಾದೆಯಿಂದ ಸಂಸಾರ ನಡೆಸುವುದು ಒಂದು ಕಲೆ. ಸಾಕ್ಷ್ಯದ ಬಡತನದಲ್ಲಿ ಮರ್ಯಾದೆಯಿಂದ ತೀರ್ಪು ಕೊಡುವುದೂ ಅಂಥದೇ ಕಲೆ. ಗಾಸೆಟ್ ಈ ಕಲೆಗೆ ಶಾಸ್ತ್ರ ಕಟ್ಟಿದನು.

ಕಟ್ಟಿದ ಬಗೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ 3000 ಅಪರಾಧಿಗಳ ಎತ್ತರವನ್ನೂ ಎಡಗೈ ನಡುಬೆರಳಿನ ಉದ್ದವನ್ನೂ ಅಳೆದಿಟ್ಟಿದ್ದ ಪಟ್ಟಿಯೊಂದು ಪ್ರಕಟವಾಗಿತ್ತು. ಗಾಸೆಟ್ ಅವನ್ನು 3000 ರಟ್ಟಿನ ಚೀಟಿಗಳ ಮೇಲೆ ಬರೆದು, ಇಸ್ಪೀಟಿನೆಲೆಗಳಂತೆ ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದನು. ಪ್ರತಿ ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ಸರಿಯುತ್ತದೆ, ಆ ಸರಿತವು ಗುಂಪಿನೊಳಗಿನ ಏರಿಳಿತದ ಎಷ್ಟು ಪಾಲು ಎಂದು ಒಂದೊಂದಾಗಿ ಲೆಕ್ಕ ಮಾಡಿದನು. ಗಣಕಯಂತ್ರ ಇಲ್ಲದ ಕಾಲ! ಗಣಿತದಿಂದ ತಾನು ಊಹಿಸಿದ್ದ ಸೂತ್ರವೂ ಚೀಟಿಗಳು ಹೇಳಿದ ಲೆಕ್ಕವೂ ಒಂದಕ್ಕೊಂದು ಹೊಂದಿದವು. ಈ ಪ್ರಬಂಧ 1908ರಲ್ಲಿ ಪಿಯರ್ಸನ್ನನ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕನ ಹೆಸರು 'ಸ್ಟೂಡೆಂಟ್'.

ಹಿಂದಿನ ವರ್ಷ ಯೀಸ್ಟಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವಾಗ ಆಗುವ ದೋಷದ ಬಗ್ಗೆ ಬರೆದ ಲೇಖನಕ್ಕೂ ಅದೇ ಅಂಕಿತವಿತ್ತು. ಕಾರಣ ಸರಳ. ನೌಕರರು ತಮ್ಮ ಹೆಸರಿನಲ್ಲಿ ಪ್ರಕಟಿಸಬಾರದು, ಕಾರ್ಖಾನೆಯ ಹೆಸರು, ಅಂಕಿ-ಅಂಶ ಯಾವುದೂ ಹೊರಬೀಳಬಾರದು ಎಂಬುದು ಸಂಸ್ಥೆಯ ಕಟ್ಟಳೆ. ಬಿಯರ್ ತಯಾರಿಕೆಗೆ ಸಂಖ್ಯಾಶಾಸ್ತ್ರ ನೆರವಾಗುತ್ತದೆಂಬ ಸುದ್ದಿಯೇ ಪ್ರತಿಸ್ಪರ್ಧಿಗಳಿಗೆ ದೊರೆತ ಗುಟ್ಟಲ್ಲವೆ? ಗಾಸೆಟ್ಟನ ಸಹೋದ್ಯೋಗಿಯೊಬ್ಬನು 'ಮಥೀಟಿಸ್' ಎಂಬ ಹೆಸರು ಇಟ್ಟುಕೊಂಡನು. ಅದೂ ಗ್ರೀಕ್ ಭಾಷೆಯ ವಿದ್ಯಾರ್ಥಿಯೇ. ನಮ್ಮ ಕವಿಗಳು ತಾಯಿಯ ಹೆಸರನ್ನೋ ಇಷ್ಟದೇವರ ಹೆಸರನ್ನೋ ಅಂಕಿತವಾಗಿ ಹಿಡಿದರು. ಈ ಕಾರ್ಖಾನೆಯವರು ಕಲಿಯುವವನ ಹೆಸರು ಹಿಡಿದರು.

ಆತನ ಶೋಧವನ್ನು ಅಂಗಡಿಯ ಮಾತಿಗೆ ಇಳಿಸಿ ನೋಡೋಣ. ಒಬ್ಬ ಹೋಟೆಲಿನವನು ಸಗಟು ವರ್ತಕನಿಂದ 50 ಕಿಲೋ ಅಕ್ಕಿಯ ಮೂಟೆಗಳನ್ನು ಕೊಳ್ಳುತ್ತಾನೆಂದು ಭಾವಿಸಿ. ತೂಕ ಕಡಮೆಯೆಂಬ ಗುಮಾನಿ. ನಾಲ್ಕು ಮೂಟೆ ತೂಗಿಸುತ್ತಾನೆ: 49.2, 49.8, 50.1, 49.3. ಸರಾಸರಿ 49.6, 400 ಗ್ರಾಂ ಕೊರತೆ. ವರ್ತಕ ಮೋಸಗಾರನೆ? ಮೊದಲು ಆತನು ನಿರ್ದೋಷಿ, ಸರಾಸರಿ ತೂಕ 50 ಕಿಲೋ ಸರಿಯಾಗಿಯೇ ಇದೆ ಎಂಬ ಊಹೆಯಿಂದ ಹೊರಡಬೇಕು. ನ್ಯಾಯಾಲಯದ ರೀತಿಯೂ ಇದೇ. ಈ ನಾಲ್ಕು ತೂಕಗಳ ಪರಸ್ಪರ ಏರಿಳಿತವನ್ನು ಲೆಕ್ಕ ಹಾಕಿದರೆ ಸುಮಾರು 424 ಗ್ರಾಂ ಬರುತ್ತದೆ. ನಾಲ್ಕರ ಸರಾಸರಿಯ ಅಲುಗಾಟ ಅದರ ಅರ್ಧ, 212 ಗ್ರಾಂ. ಕೊರತೆಯು ಈ ಅಲುಗಾಟದ 1.89ರಷ್ಟು. ದೊಡ್ಡ ರಾಶಿಗಳ ಹಳೆಯ ನಿಯಮ ಹಚ್ಚಿದರೆ, ನಿರ್ದೋಷಿಯ ಮೂಟೆಗಳಲ್ಲಿ ಇಷ್ಟೋ ಇದಕ್ಕಿಂತ ಹೆಚ್ಚೋ ಕೊರತೆ ಆಕಸ್ಮಿಕವಾಗಿ ಕಾಣಿಸುವ ಸಂಭವ ನೂರಕ್ಕೆ ಮೂರು ಮಾತ್ರ, ವರ್ತಕ ಸಿಕ್ಕಿಬಿದ್ದಂತೆಯೇ. 'ಸ್ಟೂಡೆಂಟ್'ನ ಕೋಷ್ಟಕ ನೋಡಿದರೆ ಆ ಸಂಭವ ನೂರಕ್ಕೆ ಸುಮಾರು ಎಂಟು. ಗುಮಾನಿ ಹೋಗಲಿಲ್ಲ, ಆದರೆ ತೀರ್ಪು ಕೊಡುವಷ್ಟು ಬಲಿಯಲೂ ಇಲ್ಲ. ಇನ್ನೂ ಕೆಲವು ಮೂಟೆ ತೂಗಬೇಕು. ಏಕೆಂದರೆ, ಏರಿಳಿತವನ್ನೂ ನಾವು ಆ ನಾಲ್ಕೇ ಮೂಟೆಗಳಿಂದ ಅಂದಾಜು ಮಾಡಿದೆವಲ್ಲ! ಆ ಅಂದಾಜೇ ಅಲುಗಾಡುತ್ತದೆ. ಹಿಂದಿನವರು ಕಡೆಗಣಿಸಿದ್ದ ಈ ಎರಡನೆಯ ಅಲುಗಾಟಕ್ಕೆ ಬೆಲೆ ಕಟ್ಟಿದ್ದೇ ಗಾಸೆಟ್ಟನ ಹಿರಿಮೆ. ಒಬ್ಬ ವರ್ತಕನ ಹೆಸರು ಉಳಿಯುವುದೋ ಕೆಡುವುದೋ ಎಂಬುದು ಮೂರಕ್ಕೂ ಎಂಟಕ್ಕೂ ನಡುವಣ ಅಂತರದಲ್ಲಿದೆ.

ಪ್ರಬಂಧದಲ್ಲಿ ಆತನು ಕೊಟ್ಟ ಉದಾಹರಣೆ ಮಾತ್ರ ಕಾರ್ಖಾನೆಯದಲ್ಲ, ಕೊಡುವಂತೆಯೂ ಇರಲಿಲ್ಲ. ನಿದ್ರೆ ಬರಿಸುವ ಎರಡು ಔಷಧಗಳನ್ನು ಹತ್ತು ಮಂದಿ ರೋಗಿಗಳಿಗೆ ಕೊಟ್ಟು ನೋಡಿದ್ದ ಲೆಕ್ಕವದು. ಒಂದರಿಂದ ಸರಾಸರಿ 0.75 ಗಂಟೆ, ಇನ್ನೊಂದರಿಂದ 2.33 ಗಂಟೆ ಹೆಚ್ಚಿನ ನಿದ್ರೆ. ಒಬ್ಬೊಬ್ಬ ರೋಗಿಯಲ್ಲೂ ಎರಡು ಔಷಧಗಳ ಅಂತರವನ್ನು ತೆಗೆದು ನೋಡಿ, ಎರಡನೆಯದೇ ಮೇಲೆನ್ನಲು ಒಂದಕ್ಕೆ ಸುಮಾರು 666ರ ಭರವಸೆ ಇದೆಯೆಂದನು. ಒಬ್ಬನೇ ರೋಗಿಯೊಳಗೆ ಹೋಲಿಸುವ ಈ ಜೋಡಿಯ ಉಪಾಯವನ್ನು ಆತನು ಹೊಲದಲ್ಲಿಯೂ ಬಳಸಿದನು. ಐರ್ಲೆಂಡಿನ ಕೃಷಿ ಇಲಾಖೆಯೊಡನೆ ಗಿನ್ನೆಸ್ ಸಂಸ್ಥೆ ನಡೆಸಿದ ಬಾರ್ಲಿ ಪ್ರಯೋಗಗಳಲ್ಲಿ ಆರ್ಚರ್, ಗೋಲ್ಡ್‌ಥಾರ್ಪ್ ಎಂಬ ತಳಿಗಳನ್ನು ಹಲವು ವರ್ಷ, ಹಲವು ಊರುಗಳ ಹೊಲಗಳಲ್ಲಿ ಅಕ್ಕಪಕ್ಕದಲ್ಲೇ ಬೆಳೆದು ಹೋಲಿಸಿದರು. ಒಂದು ತಳಿಯನ್ನು ಫಲವತ್ತಾದ ನೆಲದಲ್ಲಿಯೂ ಇನ್ನೊಂದನ್ನು ಬರಡಿನಲ್ಲಿಯೂ ಬಿತ್ತಿ ಸರಾಸರಿ ಹೇಳಿದರೆ ಅದು ನೆಲದ ಕಥೆಯಾದೀತೇ ಹೊರತು ಬೀಜದ ಕಥೆಯಾಗದು. ಬೀಜದ ತೀರ್ಪು ತಪ್ಪಿದರೆ ಗೋಳು ರೈತನದು.

ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಇಪ್ಪತ್ತೆರಡರ ಯುವಕನೊಬ್ಬ 1912ರಲ್ಲಿ ಗಾಸೆಟ್ಟನ ಸೂತ್ರಕ್ಕೆ ಪೂರ್ಣ ಸಾಧನೆಯನ್ನು ಬರೆದು ಕಳುಹಿಸಿದನು. ಆತನೇ ರೊನಾಲ್ಡ್ ಫಿಷರ್. ಹಲವು ಆಯಾಮಗಳ ಆ ರೇಖಾಗಣಿತ ಗಾಸೆಟ್ಟನಿಗೆ ಅರ್ಥವಾಗಲಿಲ್ಲ. ಹಾಗೆಂದು ನಿಸ್ಸಂಕೋಚವಾಗಿ ಬರೆದು ಪಿಯರ್ಸನ್ನನಿಗೆ ರವಾನಿಸಿದನು. ಅದು ಬೆಳಕು ಕಂಡದ್ದು 1915ರಲ್ಲಿ. ಇಂದು ಎಲ್ಲರೂ ಬಳಸುವ ರೂಪವನ್ನು ಆ ಪರೀಕ್ಷೆಗೆ ಕೊಟ್ಟು, 1925ರ ತನ್ನ ಪುಸ್ತಕದ ಮೂಲಕ ಜಗತ್ತಿಗೆ ಹಂಚಿದವನು ಫಿಷರನೇ. ಪಿಯರ್ಸನ್ ಮತ್ತು ಫಿಷರ್ ಮುಂದೆ ಬದ್ಧವೈರಿಗಳಾದರು. ಇಬ್ಬರೊಡನೆಯೂ ಸ್ನೇಹ ಉಳಿಸಿಕೊಂಡವನು ಗಾಸೆಟ್ ಒಬ್ಬನೆಂದರೆ ಹೆಚ್ಚಲ್ಲ. ಸಾಹಿತ್ಯಲೋಕದ ಬಣಗಳನ್ನು ಕಂಡ ನಮಗೆ ಇದು ಎಷ್ಟು ಕಷ್ಟದ ಸಾಧನೆಯೆಂದು ಬೇರೆ ಹೇಳಬೇಕಾಗಿಲ್ಲ. ಫಿಷರನ ಶಿಷ್ಯಪರಂಪರೆ ನಮ್ಮ ನಾಡಿಗೂ ತಲಪಿದೆ: ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು 1948ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಫಿಷರನ ಮಾರ್ಗದರ್ಶನದಲ್ಲಿಯೇ.

1926ರಲ್ಲಿ ಕಾರ್ಲ್ ಪಿಯರ್ಸನ್ನನ ಮಗ ಎಗನ್‌ಗೆ ಗಾಸೆಟ್ ಒಂದು ಪತ್ರ ಬರೆದನು. ಒಂದು ಊಹೆಗೆ ಅಂಕಿಗಳು ಒಗ್ಗುವುದಿಲ್ಲವೆಂದ ಮಾತ್ರಕ್ಕೆ ಅದನ್ನು ಬಿಡಬೇಕಾಗಿಲ್ಲ. ಅದೇ ಅಂಕಿಗಳನ್ನು ಹೆಚ್ಚು ಸಹಜವಾಗಿ ವಿವರಿಸುವ ಬೇರೊಂದು ಊಹೆ ಎದುರಿಗಿದ್ದರೆ ಆಗ ಬಿಡಬೇಕು ಎಂಬುದು ಅದರ ತಿರುಳು. ಎಗನ್ ಪಿಯರ್ಸನ್ ಮತ್ತು ನೇಮನ್ 1928ರಿಂದ ಕಟ್ಟಿದ ಊಹಾಪರೀಕ್ಷೆಯ ದೊಡ್ಡ ಶಾಸ್ತ್ರಕ್ಕೆ ಈ ಪತ್ರ ಬೀಜವಾಯಿತು.

ಗಾಸೆಟ್ ಸಣ್ಣ ಸಂಖ್ಯೆಗಳನ್ನು ಗೌರವಿಸಿದಂತೆಯೇ ದೊಡ್ಡ ಸಂಖ್ಯೆಗಳ ಅಹಂಕಾರವನ್ನು ಮುರಿದದ್ದೂ ಉಂಟು. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ 67 ಶಾಲೆಗಳ 20,000 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಹತ್ತು ಸಾವಿರ ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಮುಕ್ಕಾಲು ಪೈಂಟ್ ಹಾಲು. ಉಳಿದ ಹತ್ತು ಸಾವಿರಕ್ಕೆ ಇಲ್ಲ. ಸುಮಾರು 7500 ಪೌಂಡ್ ವೆಚ್ಚವಾಯಿತು. ಹಾಲು ಕುಡಿದವರ ತೂಕವೂ ಎತ್ತರವೂ ಹೆಚ್ಚು ಬೆಳೆದವೆಂದು ವರದಿ ಹೊರಟಿತು. ಮಾರನೆಯ ವರ್ಷ ಗಾಸೆಟ್ ಅದನ್ನು ವಿಮರ್ಶಿಸಿದನು. ಗುಂಪುಗಳನ್ನು ಚೀಟಿಯಿಂದಲೋ ಅಕಾರಾದಿಯಿಂದಲೋ ಆರಿಸಿದ್ದರೂ, ಒಂದು ಗುಂಪಿನಲ್ಲಿ ಪುಷ್ಟರೋ ಕೃಶರೋ ಹೆಚ್ಚಾಗಿ ಕಂಡರೆ ಅದಲುಬದಲು ಮಾಡಲು ಶಿಕ್ಷಕರಿಗೆ ಅವಕಾಶ ಕೊಟ್ಟಿದ್ದರು. ಶಿಕ್ಷಕರ ಹೃದಯ ಬಲ್ಲವರಿಗೆ ಮುಂದಿನದನ್ನು ಹೇಳಬೇಕೆ? ಹಸಿದ ಮಗುವನ್ನು ಹಾಲಿನ ಸಾಲಿಗೆ ಸರಿಸುವುದು ಯಾವ ಗುರುವಿಗೂ ಸಹಜ. ಮೊದಲ ದಿನವೇ ಹಾಲಿಲ್ಲದ ಗುಂಪಿನವರು ಹಾಲಿನ ಗುಂಪಿನವರಿಗಿಂತ ಎತ್ತರವಾಗಿ, ತೂಕವಾಗಿ ಇದ್ದರು. ಇನ್ನೊಂದು ಸೂಕ್ಷ್ಮ: ಮಕ್ಕಳನ್ನು ಬಟ್ಟೆಯೊಡನೆ ತೂಗಿದ್ದು ಫೆಬ್ರವರಿಯ ಚಳಿಯಲ್ಲಿ ಒಮ್ಮೆ, ಜೂನಿನ ಬೇಸಗೆಯಲ್ಲಿ ಒಮ್ಮೆ. ಅನುಕೂಲಸ್ಥರ ಮಕ್ಕಳು ಚಳಿಗಾಲದ ದಪ್ಪ ಬಟ್ಟೆಯನ್ನು ಕಳಚಿ ಹಗುರಾದರು. ಬಡವರ ಮಕ್ಕಳಿಗೆ ಕಳಚಲು ಅಷ್ಟು ಬಟ್ಟೆಯೇ ಇರಲಿಲ್ಲ. ಹಾಲಿನ ಲೆಕ್ಕದಲ್ಲಿ ಅಂಗಿಯ ತೂಕ ಸೇರಿಕೊಂಡಿತ್ತು. ಇದರ ಬದಲು ಏಕರೂಪದ ಅವಳಿ ಮಕ್ಕಳ 50 ಜೋಡಿಗಳನ್ನು ತೆಗೆದುಕೊಂಡಿದ್ದರೆ ಅಲ್ಪ ವೆಚ್ಚದಲ್ಲಿ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತಿತ್ತೆಂದು ಆತನು ತೋರಿಸಿದನು. ಆತನ ಬರಹಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಚಾರ ಇದು. ಬಡ ಮಗುವಿನ ಅಂಗಿಯನ್ನು ಅಂಕಿಗಳ ನಡುವೆ ಕಾಣಬಲ್ಲ ಕಣ್ಣನ್ನು ಸೈನ್ಯವು ದೃಷ್ಟಿ ಸಾಲದೆಂದು ತಳ್ಳಿಹಾಕಿತ್ತು!

ಮನೆಯಲ್ಲಿ ಆತನು ತೋಟಗಾರ, ಬಡಗಿ. ಡಬ್ಲಿನ್ನಿನ ಹೊರವಲಯದ ಬ್ಲ್ಯಾಕ್‌ರಾಕಿನಲ್ಲಿ ವಾಸ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ದೋಣಿಗಳನ್ನು ತಾನೇ ಕಟ್ಟುತ್ತಿದ್ದನು. ಮೀನು ಹಿಡಿಯುವವರ ಅನುಕೂಲಕ್ಕೆಂದು ಎರಡು ತುದಿಗೂ ಚುಕ್ಕಾಣಿಯಿರುವ ದೋಣಿಯನ್ನು ಕಲ್ಪಿಸಿದನು. ಹೊಗಳಿದವರಿಗೆ, ತಾನಿಲ್ಲದಿದ್ದರೂ ಫಿಷರ್ ಇದನ್ನೆಲ್ಲ ಕಂಡುಹಿಡಿಯುತ್ತಿದ್ದನೆಂದು ಹೇಳಿ ಮಾತು ಮುಗಿಸುತ್ತಿದ್ದನು. 1934ರಲ್ಲಿ ಕಾರು ದೀಪದ ಕಂಬಕ್ಕೆ ಬಡಿದು ತೊಡೆಯ ಮೂಳೆ ಮುರಿಯಿತು; ಹಾಸಿಗೆ ಹಿಡಿದ ತಿಂಗಳುಗಳಲ್ಲಿಯೂ ಲೆಕ್ಕ ನಿಲ್ಲಲಿಲ್ಲ. 1935ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಆರಂಭವಾಗುತ್ತಿದ್ದ ಹೊಸ ಕಾರ್ಖಾನೆಯ ಹೊಣೆ ಹೊತ್ತು ಡಬ್ಲಿನ್ ಬಿಟ್ಟನು.

ಕೊನೆಯ ವರ್ಷಗಳಲ್ಲಿ ಫಿಷರನೊಡನೆಯೇ ಭಿನ್ನಾಭಿಪ್ರಾಯ ಬಂದಿತು. ಹೊಲದಲ್ಲಿ ತಳಿಗಳಿಗೆ ಪಟ್ಟೆಗಳನ್ನು ಹಂಚುವಾಗ ಚೀಟಿ ಎತ್ತಿ ಅದೃಷ್ಟಕ್ಕೆ ಬಿಡಬೇಕೆಂದು ಫಿಷರ್. ನೆಲದ ಏರುತಗ್ಗು ಬಲ್ಲವನು ಸಮತೂಕವಾಗಿ ಹಂಚುವುದೇ ಮೇಲೆಂದು ಗಾಸೆಟ್. ವಾದ ಬಿರುಸಾಗಿಯೇ ನಡೆಯಿತು, ಸ್ನೇಹ ಮುರಿಯಲಿಲ್ಲ. ಆ ವಾದ ನಡೆಯುತ್ತಿರುವಾಗಲೇ 1937ರ ಅಕ್ಟೋಬರ್ 16ರಂದು, ತನ್ನ 61ನೆಯ ವಯಸ್ಸಿನಲ್ಲಿ, ಗಾಸೆಟ್ ತೀರಿಕೊಂಡನು. ಫಿಷರನಿಗೆ ಉತ್ತರವಾಗಿ ಆತನು ಬರೆದಿಟ್ಟಿದ್ದ ಪ್ರಬಂಧ 1938ರಲ್ಲಿ ಪ್ರಕಟವಾಯಿತು. 1942ರಲ್ಲಿ ಎಗನ್ ಪಿಯರ್ಸನ್ ಮತ್ತು ಜಾನ್ ವಿಷಾರ್ಟ್ ಆತನ ಎಲ್ಲ ಪ್ರಬಂಧಗಳನ್ನೂ ಕೂಡಿಸಿ ಒಂದು ಸಂಪುಟವಾಗಿ ಅಚ್ಚು ಹಾಕಿಸಿದರು. ಸಂಪುಟದ ಶೀರ್ಷಿಕೆಯಲ್ಲಿಯೂ ಇದ್ದ ಹೆಸರು 'ಸ್ಟೂಡೆಂಟ್' ಎಂದೇ.